ಶಾಲಾ ಗ್ರಂಥಪಾಲಕರ ವ್ಯಾಸಂಗ

ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1953ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಶಾಲೆಗಳ ಪುಸ್ತಕಭಂಡಾರಗಳನ್ನು ಕುರಿತು ಬರೆದಿರುವ ಭಾಗವನ್ನು ಇಂದು ಓದುವವರಿಗೆ, ಅದು ಮೊನ್ನೆ ಮೊನ್ನೆ ಬರೆದುದೋ ಎಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ. ಬಹುಪಾಲು ಶಾಲೆಗಳಲ್ಲಿ ಗ್ರಂಥಾಲಯವೆಂಬ ಹೆಸರಿಗೆ ತಕ್ಕದ್ದು ಯಾವುದೂ ಇಲ್ಲ. ಇರುವ ಪುಸ್ತಕಗಳು ಹಳೆಯವು, ವಿದ್ಯಾರ್ಥಿಗಳ ಅಭಿರುಚಿಯನ್ನು ಗಮನಿಸದೆ ಆರಿಸಿದವು. ಅವನ್ನು ಇಟ್ಟಿರುವ ಕೋಣೆ ಇಕ್ಕಟ್ಟಾದದ್ದು, ಯಾರನ್ನೂ ಒಳಕ್ಕೆ ಕರೆಯದಂಥದ್ದು. ಅದರ ಮೇಲ್ವಿಚಾರಣೆ ಒಬ್ಬ ಗುಮಾಸ್ತನಿಗೋ, ಪುಸ್ತಕದಲ್ಲಿ ಪ್ರೀತಿಯಾಗಲಿ ಗ್ರಂಥಾಲಯದ ಕೆಲಸದಲ್ಲಿ ತಿಳಿವಳಿಕೆಯಾಗಲಿ ಇಲ್ಲದೆ ಬಿಡುವಿನ ವೇಳೆಯಲ್ಲಿ ಆ ಹೊರೆಯನ್ನು ಹೊತ್ತ ಒಬ್ಬ ಉಪಾಧ್ಯಾಯನಿಗೋ ಸೇರಿರುವುದು ಎಂದು ಆಯೋಗ ಕಂಡಿತು. ದೋಷಗಳನ್ನು ಎಣಿಸಿ ಸುಮ್ಮನಾಗದೆ ಅದು ಪರಿಹಾರವನ್ನೂ ಸೂಚಿಸಿತು: ಪುಸ್ತಕಗಳಲ್ಲಿ ಪ್ರೀತಿಯೂ ವಿದ್ಯಾರ್ಥಿಗಳ ಆಸಕ್ತಿಗಳ ಅರಿವೂ ಉಳ್ಳ, ತರಬೇತಿ ಪಡೆದ ಗ್ರಂಥಪಾಲಕರು ಪ್ರತಿಯೊಂದು ಮಾಧ್ಯಮಿಕ ಶಾಲೆಯಲ್ಲಿಯೂ ಇರತಕ್ಕದ್ದು, ಗ್ರಂಥಾಲಯ ಕಾರ್ಯದ ಮೂಲತತ್ತ್ವಗಳನ್ನು ಎಲ್ಲ ಉಪಾಧ್ಯಾಯರಿಗೂ ಮೊದಲು ಟ್ರೈನಿಂಗ್ ಕಾಲೇಜುಗಳಲ್ಲಿಯೂ ಆಮೇಲೆ ಪುನಶ್ಚೇತನ ಶಿಬಿರಗಳಲ್ಲಿಯೂ ಕಲಿಸತಕ್ಕದ್ದು. ಈ ಕೊನೆಯ ಮಾತು, ಎಂದರೆ ಕೆಲಸಕ್ಕೆ ಸೇರಿದ ಮೇಲೂ ಕಲಿಕೆ ಮುಂದುವರಿಯಬೇಕೆಂಬ ಮಾತು, ಇಡೀ ಶಿಫಾರಸಿನಲ್ಲಿ ಅತ್ಯಂತ ಮುಖ್ಯವಾದದ್ದೂ ಹೌದು, ಅತ್ಯಂತ ಕಡಿಮೆ ಆಚರಣೆಗೆ ಬಂದದ್ದೂ ಹೌದು. ಪ್ರಸ್ತುತ ವಿಚಾರಣೆ ಅದನ್ನು ಕುರಿತದ್ದು.

ಪುಸ್ತಕಗಳಿಗಾಗಿ ಏನೂ ಆಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆ ಯೋಜನೆಯು ಹಳ್ಳಿಯ ಪ್ರಾಥಮಿಕ ಶಾಲೆಗೂ ಒಂದಷ್ಟು ಪುಸ್ತಕಗಳನ್ನು ಮುಟ್ಟಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ತನ್ನ ಅನುಸೂಚಿಯಲ್ಲಿ, ಪ್ರತಿ ಶಾಲೆಯಲ್ಲಿಯೂ ವೃತ್ತಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಮತ್ತು ಎಲ್ಲ ವಿಷಯಗಳ ಗ್ರಂಥಗಳುಳ್ಳ ಗ್ರಂಥಾಲಯ ಇರಬೇಕೆಂದು ವಿಧಿಸಿತು. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ಅನುಗುಣವಾಗಿ ವರ್ಷಕ್ಕೆ 5,000ದಿಂದ 20,000 ರೂಪಾಯಿಗಳವರೆಗೆ ಗ್ರಂಥಾಲಯ ಅನುದಾನ ಗೊತ್ತಾಯಿತು. ಕಾಯಿದೆಯ ಅನುಸೂಚಿಯಲ್ಲಿ ಪುಸ್ತಕವಿದೆ, ಪತ್ರಿಕೆಯಿದೆ, ಆದರೆ ಅವನ್ನು ಮಗುವಿನ ಕೈಗೆ ಕೊಡತಕ್ಕ ಮನುಷ್ಯನ ಮಾತಿಲ್ಲ. ಅವನ ಅಥವಾ ಅವಳ ವ್ಯಾಸಂಗದ ಮಾತಂತೂ ಇಲ್ಲವೇ ಇಲ್ಲ.

ಮನುಷ್ಯನನ್ನು ಮುಂದಿಟ್ಟು ಈ ಪ್ರಶ್ನೆಯನ್ನು ಯೋಚಿಸಿದವರಲ್ಲಿ ನಮ್ಮ ದೇಶಕ್ಕೆ ಮೊದಲಿಗರೆನ್ನತಕ್ಕವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾಗಿ ನಿಯುಕ್ತರಾದಾಗ, ಆ ಕೆಲಸದ ಗಂಧವೂ ಅವರಿಗೆ ಇರಲಿಲ್ಲ. ಕೆಲವೇ ದಿವಸಗಳಲ್ಲಿ ಬೇಸತ್ತು ಮತ್ತೆ ತರಗತಿಗೆ ಹಿಂದಿರುಗಬಯಸಿದ್ದರೆಂಬುದೂ ಪ್ರಸಿದ್ಧ. ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಗ್ರಂಥಾಲಯ ವಿದ್ಯಾಶಾಲೆಯಲ್ಲಿ ಬರ್ವಿಕ್ ಸೇಯರ್ಸ್ ಎಂಬ ಗುರುವಿನ ಪಾಠ ಕೇಳಿ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ನಡೆಯುವ ಕ್ರಮವನ್ನು ಕಣ್ಣಾರೆ ಕಂಡು ಹಿಂದಿರುಗಿದ ಮೇಲೆಯೇ ಅವರು ನಾವು ಬಲ್ಲ ರಂಗನಾಥನ್ ಆದುದು. ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು: ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸುವುದಕ್ಕೆ ಮುನ್ನ, 1928ರಲ್ಲಿ ಚಿದಂಬರದಲ್ಲಿ ಸೇರಿದ್ದ ಶಿಕ್ಷಣ ಪರಿಷತ್ತಿನಲ್ಲಿ, ಉಪಾಧ್ಯಾಯರ ಮುಂದೆ ಅವರು ಅವನ್ನು ವಿವರಿಸಿದರು. ಮರುವರ್ಷ ಮದರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ ಬೇಸಗೆಯ ತರಬೇತಿ ಶಾಲೆಯೊಂದನ್ನು ತೆರೆದರು. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಾಲಯಗಳನ್ನೇ ಕುರಿತು ಪ್ರತ್ಯೇಕ ಗ್ರಂಥ ಬರೆದರು. ಮುಂದೆ ಬೆಂಗಳೂರನ್ನು ತಮ್ಮ ಊರಾಗಿ ಮಾಡಿಕೊಂಡು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಓದುಗನಿಗೆ ಅವನ ಪುಸ್ತಕ, ಪುಸ್ತಕಕ್ಕೆ ಅದರ ಓದುಗ ಎಂಬ ಅವರ ಸೂತ್ರಗಳನ್ನು ಶಾಲೆಗೆ ಅನ್ವಯಿಸಿ ನೋಡಿದರೆ ಗ್ರಂಥಪಾಲಕನು ಎರಡು ಲೋಕಗಳನ್ನು ತಿಳಿದವನಾಗಿರಬೇಕೆಂಬುದು ಸ್ಪಷ್ಟವಾಗುತ್ತದೆ: ಒಂದು ಪುಸ್ತಕಗಳ ಲೋಕ, ಇನ್ನೊಂದು ಮಕ್ಕಳ ಲೋಕ. ಇವೆರಡೂ ವರ್ಷ ವರ್ಷವೂ ಬದಲಾಗುವಂಥವು. ಆದುದರಿಂದ ಒಮ್ಮೆ ಪಡೆದ ಪದವಿ ಅವನ ಇಡೀ ಸೇವಾವಧಿಗೆ ಸಾಲದು.

ನಮ್ಮ ವಿಶ್ವವಿದ್ಯಾನಿಲಯಗಳ ಗ್ರಂಥಾಲಯ ವಿಜ್ಞಾನದ ಪಾಠಕ್ರಮಗಳು ವರ್ಗೀಕರಣ, ಸೂಚೀಕರಣ, ಗ್ರಂಥಾಲಯದ ಆಡಳಿತ, ಈಚೆಗೆ ಗಣಕಯಂತ್ರದ ಬಳಕೆ, ಇವನ್ನು ತಕ್ಕಮಟ್ಟಿಗೆ ಚೆನ್ನಾಗಿಯೇ ಕಲಿಸುತ್ತವೆ. ಇವು ಬೇಕಾದ ವಿದ್ಯೆಗಳೇ. ಪುಸ್ತಕವನ್ನು ಹುಡುಕಿದಾಗ ಸಿಗದಂತೆ ಇಟ್ಟವನು ಎಷ್ಟು ಓದಿದವನಾದರೂ ಪ್ರಯೋಜನವಿಲ್ಲ. ಆದರೆ ಆ ಪಾಠಗಳ ಹಿಂದೆ ಇರುವ ಓದುಗನ ಕಲ್ಪನೆ ಪ್ರೌಢನದು: ತನಗೆ ಬೇಕಾದುದೇನೆಂಬುದನ್ನು ಬಲ್ಲ ಸಂಶೋಧಕ, ಪರೀಕ್ಷೆಗೆ ಓದುವ ಕಾಲೇಜು ವಿದ್ಯಾರ್ಥಿ. ನಾಲ್ಕನೆಯ ತರಗತಿಯ ಹುಡುಗನಿಗೆ ತನಗೆ ಏನು ಬೇಕೆಂಬುದು ತಿಳಿಯದು. ಅಕ್ಷರಗಳನ್ನು ಕೂಡಿಸಿ ಓದಲು ಹೆಣಗುವ ಹನ್ನೆರಡು ವರ್ಷದ ಹುಡುಗಿ, ಎಳೆಯ ಮಕ್ಕಳ ಚಿತ್ರಪುಸ್ತಕವನ್ನು ಸಹಪಾಠಿಗಳ ಎದುರಿಗೆ ಕೈಗೆತ್ತಿಕೊಳ್ಳಲು ನಾಚುತ್ತಾಳೆ. ಇಂಥವರನ್ನು ಪುಸ್ತಕದ ಬಳಿಗೆ ತರುವ ಉಪಾಯ ದಶಮಾಂಶ ವರ್ಗೀಕರಣದ ಯಾವ ಕೋಷ್ಟಕದಲ್ಲಿಯೂ ದೊರೆಯುವುದಿಲ್ಲ.

ಈ ಕೊರತೆಯನ್ನು ಮೊದಲು ಕಂಡುಕೊಂಡು, ಅದಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಹಣವನ್ನೂ ಶ್ರಮವನ್ನೂ ವಿನಿಯೋಗಿಸಿದ ದೇಶ ಅಮೆರಿಕ. ಅಲ್ಲಿನ ಶಾಲಾ ಗ್ರಂಥಪಾಲಕರ ಸಂಘ 1951ರಲ್ಲಿ ಸ್ವತಂತ್ರ ವಿಭಾಗವಾಗಿ ರೂಪುಗೊಂಡಿತು. 1963ರಿಂದ ಐದು ವರ್ಷ ನಡೆದ ನ್ಯಾಪ್ ಯೋಜನೆಯ ಹಿಂದಿನ ವಿಚಾರ ಬಹಳ ಸರಳವಾದದ್ದು: ಆಯ್ದ ಕೆಲವು ಶಾಲೆಗಳ ಗ್ರಂಥಾಲಯಗಳನ್ನು ಎಲ್ಲ ವಿಧದಿಂದಲೂ ಪೂರ್ಣಗೊಳಿಸಿ, ದೂರದ ಊರುಗಳ ಉಪಾಧ್ಯಾಯರೂ ಮುಖ್ಯೋಪಾಧ್ಯಾಯರೂ ಗ್ರಂಥಪಾಲಕರೂ ತಂಡವಾಗಿ ಬಂದು, ಒಳ್ಳೆಯ ಗ್ರಂಥಾಲಯದಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿಕೊಂಡು ಹೋಗುವಂತೆ ಏರ್ಪಡಿಸಿದರು. ರಂಗನಾಥನ್ ಇಂಗ್ಲೆಂಡಿನಲ್ಲಿ ಕಣ್ಣಾರೆ ಕಂಡು ಕಲಿತದ್ದನ್ನೇ ಇವರು ಒಂದು ವ್ಯವಸ್ಥೆಯಾಗಿ ಮಾಡಿದರೆನ್ನಬಹುದು. ಗ್ರಂಥಪಾಲಕ ಒಬ್ಬನೇ ಬರದೆ ತನ್ನ ಮುಖ್ಯೋಪಾಧ್ಯಾಯರೊಡನೆ ಬರುವುದರಲ್ಲಿ ಬಹಳ ವಿವೇಕವಿತ್ತು; ಕಲಿತು ಬಂದವನ ಉತ್ಸಾಹವು ಶಾಲೆಯ ವೇಳಾಪಟ್ಟಿಗೆ ಡಿಕ್ಕಿ ಹೊಡೆದು ಉಡುಗಿಹೋಗದಂತೆ ಅದು ಕಾಪಾಡಿತು.

1988ರಿಂದ 1998ರವರೆಗೆ ಡಿವಿಟ್ ವಾಲೇಸ್-ರೀಡರ್ಸ್ ಡೈಜೆಸ್ಟ್ ನಿಧಿಯು ನಡೆಸಿದ ‘ಲೈಬ್ರರಿ ಪವರ್’ ಎಂಬ ಯೋಜನೆ ಇದಕ್ಕಿಂತ ವಿಸ್ತಾರವಾದದ್ದು. ನಾಲ್ಕು ಕೋಟಿ ಡಾಲರುಗಳಿಗೂ ಮಿಕ್ಕ ವೆಚ್ಚದಲ್ಲಿ 19 ಪ್ರದೇಶಗಳ ಸುಮಾರು 700 ಶಾಲೆಗಳನ್ನು ಅದು ಮುಟ್ಟಿತು. ಸೇರಬಯಸುವ ಶಾಲೆಗಳಿಗೆ ಅದು ಹಾಕಿದ ಷರತ್ತುಗಳಲ್ಲಿ ಅದರ ತಾತ್ಪರ್ಯವಿದೆ. ಪೂರ್ಣಾವಧಿಯ ಗ್ರಂಥಪಾಲಕರು ಇರಲೇಬೇಕು. ದಿನವೆಲ್ಲ ಗ್ರಂಥಾಲಯ ಮಕ್ಕಳಿಗೆ ತೆರೆದಿರಬೇಕು. ಗ್ರಂಥಪಾಲಕರೂ ಶಿಕ್ಷಕರೂ ಒಟ್ಟಿಗೆ ಕುಳಿತು ಪಾಠವನ್ನು ಯೋಜಿಸಬೇಕು. ಇವರಿಬ್ಬರ ವೃತ್ತಿಶಿಕ್ಷಣಕ್ಕೂ ಪ್ರತ್ಯೇಕ ಏರ್ಪಾಡಿರಬೇಕು. ಅಲ್ಲಿನ ಬಹುಪಾಲು ಪ್ರಾಥಮಿಕ ಶಾಲೆಗಳಲ್ಲಿ ಅದುವರೆಗೆ ವಾರಕ್ಕೊಂದು ಗ್ರಂಥಾಲಯದ ಅವಧಿ ನಿಗದಿಯಾಗಿರುತ್ತಿತ್ತು. ಹಾಗಿರುವಾಗ, ಮಂಗಳವಾರ ಪಾಠದ ಮಧ್ಯದಲ್ಲಿ ಜೇನುಹುಳು ಚಳಿಗಾಲದಲ್ಲಿ ಏನು ಮಾಡುತ್ತದೆ ಎಂದು ಮಗುವೊಂದು ಕೇಳಿದರೆ ಅದಕ್ಕೆ ಪುಸ್ತಕದ ಉತ್ತರ ದೊರೆಯುವುದು ಶುಕ್ರವಾರ. ಅಷ್ಟರಲ್ಲಿ ಪ್ರಶ್ನೆಯೇ ಸತ್ತಿರುತ್ತದೆ. ಬಾಗಿಲು ಸದಾ ತೆರೆದಿದ್ದರೆ ಮಗು ಆ ಕ್ಷಣದಲ್ಲಿಯೇ ಎದ್ದು ಹೋಗಬಲ್ಲುದು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಈ ಬದಲಾವಣೆ ಆಗುವುದಿಲ್ಲ. ಒಂದು ತರಗತಿ ಪೂರ್ತಿ ಬಂದು ಕೂರುವುದಕ್ಕೆ ಒಗ್ಗಿದ್ದ ಗ್ರಂಥಪಾಲಕರು, ಒಬ್ಬೊಬ್ಬರಾಗಿ ಪ್ರಶ್ನೆ ಹಿಡಿದು ಬರುವ ಮಕ್ಕಳನ್ನು ನಿಭಾಯಿಸುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದುದರಿಂದ ಮಕ್ಕಳ ಕಲಿಕೆ ನಿಜವಾಗಿಯೂ ಹೆಚ್ಚಿತೇ ಎಂದು ಕೇಳುವುದು ನ್ಯಾಯ. ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು ಕೊಲರಾಡೋ ಸಂಸ್ಥಾನದ ಶಾಲೆಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಊರಿನ ಆರ್ಥಿಕ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಗ್ರಂಥಾಲಯದ ಸಿಬ್ಬಂದಿಗೂ ಸಂಗ್ರಹಕ್ಕೂ ಮಕ್ಕಳ ಓದಿನ ಅಂಕಗಳಿಗೂ ಸಂಬಂಧವಿದೆಯೆಂದು ತೋರಿಸಿತು. 2000ದಲ್ಲಿ ಬಂದ ಎರಡನೆಯ ಅಧ್ಯಯನವು, ಗ್ರಂಥಪಾಲಕರು ಶಿಕ್ಷಕರೊಡನೆ ಕೂಡಿ ಕೆಲಸ ಮಾಡುವ ಶಾಲೆಗಳಲ್ಲಿ ಆ ಸಂಬಂಧ ಇನ್ನೂ ಎದ್ದು ಕಾಣುವುದೆಂದಿತು. ರಾಸ್ ಟಾಡ್ ಮತ್ತು ಕೆರೋಲ್ ಕುಲ್ತಾವ್ ಅವರು ಒಹಾಯೋದ 39 ಶಾಲೆಗಳಲ್ಲಿ 13,000ಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಎಲ್ಲರೂ ಗ್ರಂಥಾಲಯದಿಂದ ತಮಗೆ ನೆರವಾಯಿತೆಂದೇ ಹೇಳಿದರು. ಈ ಅಧ್ಯಯನಗಳನ್ನು ಆಧಾರವಾಗಿ ಹಿಡಿಯುವವರು ಅವುಗಳ ಮಿತಿಯನ್ನೂ ಮನಗಾಣಬೇಕು. ಎರಡು ಸಂಗತಿಗಳು ಜೊತೆಯಲ್ಲಿ ಕಂಡುಬಂದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗದು; ಒಳ್ಳೆಯ ಶಾಲೆಯೇ ಒಳ್ಳೆಯ ಗ್ರಂಥಪಾಲಕರನ್ನೂ ಇಟ್ಟುಕೊಂಡಿರಬಹುದು; ಒಹಾಯೋದಲ್ಲಿ ಆರಿಸಿಕೊಂಡ ಶಾಲೆಗಳೇ ಒಳ್ಳೆಯ ಗ್ರಂಥಾಲಯಗಳುಳ್ಳವು. ಆದರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಿಧಾನಗಳಿಂದ ನಡೆದ ವಿಚಾರಣೆಗಳು ಒಂದೇ ದಿಕ್ಕಿಗೆ ಬೆರಳು ಮಾಡುತ್ತಿರುವಾಗ ಅದನ್ನು ಕಡೆಗಣಿಸುವುದು ವಿವೇಕವಲ್ಲ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 2015ರಲ್ಲಿ ಪರಿಷ್ಕರಿಸಿದ ತನ್ನ ಮಾರ್ಗಸೂಚಿಯಲ್ಲಿ, ಶಾಲಾ ಗ್ರಂಥಪಾಲಕರ ವಿದ್ಯಾರ್ಹತೆ ತರಗತಿಯ ಶಿಕ್ಷಕರ ವಿದ್ಯಾರ್ಹತೆಗೆ ಸಮನಾಗಿರಬೇಕೆಂದು ಹೇಳಿರುವುದು ಉಚಿತವಾಗಿಯೇ ಇದೆ.

ಇನ್ನು ಕಲಿಕೆಯ ರೀತಿ ಹೇಗಿರಬೇಕೆಂಬುದು. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಶಿಕ್ಷಣತಜ್ಞರು 1980ರಿಂದೀಚೆಗೆ ಶಿಕ್ಷಕರ ಸೇವಾಂತರ್ಗತ ತರಬೇತಿಗಳನ್ನು ಪರಿಶೀಲಿಸಿ ಹೇಳಿದ ಮಾತು ಗ್ರಂಥಪಾಲಕರಿಗೂ ಸಲ್ಲುತ್ತದೆ: ಉಪನ್ಯಾಸ ಕೇಳಿದ್ದರಿಂದ ತಿಳಿವಳಿಕೆ ಹೆಚ್ಚೀತು, ಆದರೆ ಕೆಲಸದ ರೀತಿ ಬದಲಾಗಬೇಕಾದರೆ ಮಾಡಿ ತೋರಿಸಬೇಕು, ಮಾಡಿಸಬೇಕು, ತಪ್ಪು ಒಪ್ಪು ಹೇಳಬೇಕು, ಆಮೇಲೆಯೂ ಅವರವರ ಶಾಲೆಯಲ್ಲಿ ಜೊತೆಗೆ ನಿಂತು ನೆರವಾಗಬೇಕು. ನಮ್ಮ ಶಿಬಿರಗಳು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲುತ್ತವೆ. ಬೆಳಿಗ್ಗೆ ಉದ್ಘಾಟನೆ, ಸಂಪನ್ಮೂಲ ವ್ಯಕ್ತಿಗಳ ಎರಡು ಭಾಷಣ, ಊಟ, ಮತ್ತೊಂದು ಭಾಷಣ, ಹಾಜರಿ ಪತ್ರ, ಅಲ್ಲಿಗೆ ಮುಗಿಯಿತು. ಗ್ರಂಥಾಲಯವನ್ನು ಕುರಿತ ತರಬೇತಿಯಲ್ಲಿ ದಿನವಿಡೀ ಒಂದು ಮಕ್ಕಳ ಪುಸ್ತಕವನ್ನೂ ಯಾರೂ ತೆರೆಯದೆ ಇರುವುದು ಸಾಧ್ಯವಾಗಿರುವುದೇ ವಿಷಾದಕರ.

ತೆರೆದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಕ್ಕಳಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವುದು ಗ್ರಂಥಪಾಲಕರ ಕೆಲಸಗಳಲ್ಲಿ ಅತ್ಯಂತ ಸುಲಭವೆಂದು ತೋರುವುದು. ಅಭ್ಯಾಸಕ್ಕೆ ಇಳಿದಾಗ ಅದರ ಸೂಕ್ಷ್ಮಗಳು ತಿಳಿಯುವುವು. ಪುಸ್ತಕವನ್ನು ಎದೆಯ ಮಟ್ಟಕ್ಕೆ, ಚಿತ್ರ ಮಕ್ಕಳ ಕಡೆಗೆ ತಿರುಗಿರುವಂತೆ ಹಿಡಿದು, ಬದಿಯಿಂದ ಅಕ್ಷರಗಳನ್ನು ನೋಡುತ್ತ ಓದಬೇಕು. ಅದಕ್ಕೆ ಆ ಪುಸ್ತಕವನ್ನು ಮೊದಲೇ ನಾಲ್ಕಾರು ಸಲ ಓದಿ ಮನಸ್ಸಿಗೆ ತಂದುಕೊಂಡಿರಬೇಕು. ರಕ್ಷಾಪುಟವನ್ನು ತೋರಿಸಿ ಇದರೊಳಗೆ ಏನಿರಬಹುದೆಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು. ಕಥೆ ತಿರುವು ಪಡೆಯುವ ಕಡೆ ಪುಟ ಮಗುಚುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಕಥೆ ಮುಗಿದ ಮೇಲೆ: ವರ್ಷಗಟ್ಟಲೆ ಪಾಠ ಹೇಳಿ ಪಳಗಿದ ನಾಲಿಗೆ, ಈ ಕಥೆಯ ನೀತಿಯೇನು ಎಂದು ತಾನಾಗಿಯೇ ಕೇಳಿಬಿಡುತ್ತದೆ, ಆ ಪ್ರಶ್ನೆ ಬಿದ್ದೊಡನೆ ಮಕ್ಕಳು ಕಥೆಯನ್ನು ಬಿಟ್ಟು ಪರೀಕ್ಷೆಯ ಉತ್ತರವನ್ನು ಹುಡುಕತೊಡಗುತ್ತಾರೆ. ಅದನ್ನು ನುಂಗಿಕೊಂಡು ಸುಮ್ಮನಿದ್ದರೆ, ಹಿಂದಿನ ಸಾಲಿನಿಂದ ಯಾವುದೋ ಮಗು, ಆ ನಾಯಿಮರಿ ರಾತ್ರಿ ಎಲ್ಲಿ ಮಲಗಿತು ಎಂದು ಕೇಳುತ್ತದೆ. ಮಾತುಕತೆ ಅಲ್ಲಿಂದ ಆರಂಭವಾಗುತ್ತದೆ. ಈ ಸಂಯಮ ಭಾಷಣದಿಂದ ಬರತಕ್ಕದ್ದಲ್ಲ. ಇನ್ನೊಬ್ಬರು ಓದುವುದನ್ನು ನೋಡಿ, ತಾನು ಓದಿ, ತನ್ನ ಓದನ್ನು ಜೊತೆಯವರು ನೋಡಿ ಹೇಳಿದಾಗ ಮಾತ್ರ ಅದು ಕೈಗೂಡುವುದು.

ಟಾಟಾ ಟ್ರಸ್ಟ್‌ಗಳ ‘ಪರಾಗ್’ ವಿಭಾಗವು 2013ರಿಂದ ನಡೆಸಿಕೊಂಡು ಬಂದಿರುವ ಗ್ರಂಥಾಲಯ ಶಿಕ್ಷಕರ ಪಾಠಕ್ರಮವು ಈ ಮಾರ್ಗದಲ್ಲಿ ನಮ್ಮ ದೇಶದಲ್ಲಿ ಆಗಿರುವ ಗಮನಾರ್ಹ ಪ್ರಯತ್ನ. ಕೆಲವು ದಿವಸಗಳ ಸಹವಾಸದ ತರಗತಿ, ನಡುವಣ ತಿಂಗಳುಗಳಲ್ಲಿ ತಮ್ಮ ತಮ್ಮ ಊರಿನ ಗ್ರಂಥಾಲಯದಲ್ಲಿಯೇ ಪ್ರಯೋಗ, ಅದನ್ನು ಗಮನಿಸಿ ಸಲಹೆ ಕೊಡುವ ಮಾರ್ಗದರ್ಶಕರು, ಮತ್ತು ಎಲ್ಲಕ್ಕೂ ಮೂಲವಾಗಿ ಮಕ್ಕಳ ಸಾಹಿತ್ಯದ ವಿಪುಲವಾದ ಓದು, ಇವು ಅದರ ಅಂಗಗಳು. ಗೋವೆಯಲ್ಲಿ 2005ರಿಂದ ಕೆಲಸ ಮಾಡುತ್ತಿರುವ ‘ಬುಕ್‌ವರ್ಮ್’ ಸಂಸ್ಥೆಯ ಅನುಭವವೂ ಇದಕ್ಕೆ ಒದಗಿಬಂದಿತು. ಕೇಂದ್ರೀಯ ವಿದ್ಯಾಲಯಗಳು ತಮ್ಮ ಗ್ರಂಥಪಾಲಕರಿಗೆ ಬಹುಕಾಲದಿಂದ ಸೇವಾಂತರ್ಗತ ತರಬೇತಿಯನ್ನು ನಡೆಸುತ್ತಿವೆ. ಆದರೆ ಪ್ರತಿ ಶಾಲೆಗೂ ಹುದ್ದೆಯಿಂದಲೇ ನಿಯುಕ್ತರಾದ ಗ್ರಂಥಪಾಲಕರಿರುವ ಆ ವ್ಯವಸ್ಥೆಗೂ, ಹುದ್ದೆಯೇ ಇಲ್ಲದೆ ಯಾರೋ ಒಬ್ಬ ಸಹಶಿಕ್ಷಕರ ಹೆಗಲಿಗೆ ಬಿದ್ದಿರುವ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೂ ಬಹಳ ಅಂತರ.

ಆ ಹಳ್ಳಿಯ ಶಾಲೆಯಲ್ಲಿ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೋಣೆಯ ಒಂದು ಕಬ್ಬಿಣದ ಬೀರು. ಶಿವರಾಮ ಕಾರಂತರ ‘ಬಾಲಪ್ರಪಂಚ’ದಿಂದ ಮೊದಲ್ಗೊಂಡು ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯವರೆಗೆ, ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಮಾಲೆಯ ಕಿರುಹೊತ್ತಗೆಗಳಿಂದ ಹಿಡಿದು ಇತ್ತೀಚಿನ ಬಣ್ಣಬಣ್ಣದ ಚಿತ್ರಪುಸ್ತಕಗಳವರೆಗೆ, ಕನ್ನಡದಲ್ಲಿ ಮಕ್ಕಳಿಗಾಗಿ ಬಂದಿರುವ ಸಂಪತ್ತು ಅಲ್ಪವಲ್ಲ. ಅದರಲ್ಲಿ ಬೀರು ಸೇರಿದವುಗಳಿಗೂ ಬೀಗ ಬೀಳುವುದು ಉಪಾಧ್ಯಾಯರ ಜಿಪುಣತನದಿಂದಲ್ಲ, ಭಯದಿಂದ. ಪುಸ್ತಕ ಹರಿದರೆ, ಕಳೆದರೆ, ದಾಸ್ತಾನು ವಹಿಯ ಲೆಕ್ಕ ತಪ್ಪಿದರೆ, ತಪಾಸಣೆಯ ದಿನ ಉತ್ತರ ಹೇಳಬೇಕಾದವರು ಪ್ರಭಾರದಲ್ಲಿರುವವರು. ವರ್ಗವಾದಾಗ ಚಾರ್ಜು ವಹಿಸಿಕೊಡುವ ಹೊತ್ತಿಗೆ ಕೈಯಿಂದ ತೆರಬೇಕಾದೀತೆಂಬ ಅಂಜಿಕೆ ಅವರನ್ನು ಬಿಡದು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, ವರ್ಷದಲ್ಲಿ ಓದುಗರಿಗೆ ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋಗುವುದನ್ನು, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಕಾರಣವಲ್ಲದಿದ್ದಲ್ಲಿ, ಸಹಜವೆಂದೇ ಒಪ್ಪಿಕೊಂಡಿವೆ. ಎರವಲು ಕೊಡುವ ಸ್ಥಳದಲ್ಲಿ ಸವೆತ ಅನಿವಾರ್ಯವೆಂಬ ಈ ಉದಾರ ತಿಳಿವಳಿಕೆ ನಮ್ಮ ಶಾಲೆಗಳವರೆಗೂ ಬರಬೇಕು. ತಪಾಸಣೆ ಮಾಡುವ ಅಧಿಕಾರಿಗಳಿಗೂ ಆ ಪಾಠ ಆಗಬೇಕು. ಪುಸ್ತಕ ಎಷ್ಟು ಉಳಿದಿವೆ ಎಂದು ಕೇಳುವ ಅಧಿಕಾರಿಯು ಎಷ್ಟು ಮಕ್ಕಳ ಮನೆಗೆ ಹೋಗಿ ಬಂದಿವೆ ಎಂದೂ ಕೇಳತೊಡಗಿದ ದಿನ ಬೀರುವಿನ ಬೀಗ ತಾನಾಗಿ ತೆರೆಯುವುದು.

ಕರ್ನಾಟಕದಲ್ಲಿ ಈಚೆಗೆ ಆಶಾದಾಯಕವಾದ ಕೆಲಸ ನಡೆದಿರುವುದು ಶಾಲೆಗಿಂತ ಹೆಚ್ಚಾಗಿ ಅದರ ನೆರೆಯಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ತರುವಾಯ ಕ್ರಮೇಣ ಹಳ್ಳಿಗಳಲ್ಲಿ ತಲೆಯೆತ್ತಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, 5,600ಕ್ಕೂ ಮಿಕ್ಕವು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದವು. ಮರುವರ್ಷ, ಮಹಾಮಾರಿಯಿಂದಾಗಿ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಲಕ್ಷಗಟ್ಟಲೆ ಮಕ್ಕಳು ಸೇರಿದರು. ಪತ್ರಿಕೆ ಓದಲು ಬರುವ ಹಿರಿಯರನ್ನು ಮಾತ್ರ ಕಂಡಿದ್ದ ಮೇಲ್ವಿಚಾರಕರು ಮಕ್ಕಳ ನಡುವೆ ಕುಳಿತು ಕಥೆ ಹೇಳುವುದನ್ನೂ ಆಟ ಆಡಿಸುವುದನ್ನೂ ಕಲಿತರು. ಅಲ್ಪ ಗೌರವಧನದ ಮೇಲೆ ದುಡಿಯುತ್ತಿದ್ದ ಇವರಿಂದ ಇಷ್ಟು ಸಾಧ್ಯವಾಯಿತೆಂದ ಮೇಲೆ, ಶಿಕ್ಷಣದ ತರಬೇತಿಯನ್ನು ಆಗಲೇ ಪಡೆದಿರುವ ಶಾಲಾ ಶಿಕ್ಷಕರಿಂದ ಸಾಧ್ಯವಾಗದೆಂದು ಭಾವಿಸಲು ಕಾರಣವಿಲ್ಲ. ಶಾಲೆಯ ಪ್ರಭಾರಿ ಶಿಕ್ಷಕರೂ ಪಂಚಾಯಿತಿಯ ಮೇಲ್ವಿಚಾರಕರೂ ಒಂದೇ ಊರಿನಲ್ಲಿದ್ದು, ಒಂದೇ ಮಕ್ಕಳನ್ನು ಕಾಣುತ್ತ, ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ತರಬೇತಿಗಳಿಗೆ ಹೋಗುವುದು ವ್ಯರ್ಥವಾದ ಶ್ರಮ. ಅವರನ್ನು ಒಟ್ಟಿಗೆ ಕೂರಿಸುವುದಕ್ಕೆ ಹೊಸ ಹಣವೂ ಬೇಕಿಲ್ಲ.

ಆಗಬೇಕಾದುದು ಅಸಾಧ್ಯವಾದದ್ದೇನಲ್ಲ. ಶಿಕ್ಷಕರು ಸೇರುವ ಸಮೂಹ ಸಂಪನ್ಮೂಲ ಕೇಂದ್ರಗಳು ಹೋಬಳಿ ಹೋಬಳಿಯಲ್ಲಿಯೂ ಇವೆ. ಅವರ ಸಮಾಲೋಚನಾ ಸಭೆಯ ರೂಢಿಯೂ ಇದೆ. ಆ ಸಭೆಯಲ್ಲಿ ಗ್ರಂಥಾಲಯದ ಹೊಣೆ ಹೊತ್ತವರು ತಾವು ಓದಿದ ಒಂದೊಂದು ಮಕ್ಕಳ ಪುಸ್ತಕವನ್ನು ತಂದು ಓದಿ ತೋರಿಸಲಿ. ತಾಲ್ಲೂಕಿಗೆ ಒಂದಾದರೂ ಶಾಲೆಯ ಗ್ರಂಥಾಲಯವನ್ನು ಇತರರು ಬಂದು ನೋಡಿ ಕಲಿಯುವ ಮಾದರಿಯಾಗಿ ಬೆಳೆಸಲಿ. ಅಲ್ಲಿಗೆ ಮುಖ್ಯೋಪಾಧ್ಯಾಯರೂ ಜೊತೆಯಲ್ಲಿ ಬರಲಿ. ವರ್ಷದ ಅನುದಾನದಲ್ಲಿ ಒಂದು ಪಾಲು ಪುಸ್ತಕಕ್ಕೆ ಮೀಸಲಾಗಿರುವಂತೆ ಇನ್ನೊಂದು ಪಾಲು ಗ್ರಂಥಪಾಲಕರ ವ್ಯಾಸಂಗಕ್ಕೂ ಮೀಸಲಾಗಲಿ. ಆ ವ್ಯಾಸಂಗ ಕನ್ನಡದಲ್ಲಿಯೇ, ಕನ್ನಡದ ಮಕ್ಕಳ ಪುಸ್ತಕಗಳನ್ನು ಮುಂದಿಟ್ಟುಕೊಂಡೇ ನಡೆಯಲಿ. ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯನ್ನು ಸೃಷ್ಟಿಸಿ ತುಂಬುವ ಕೆಲಸ ಸರ್ಕಾರದ್ದು. 1953ರ ಶಿಫಾರಸು ಇನ್ನೂ ಅದರ ಮುಂದಿದೆ. ಅಲ್ಲಿಯವರೆಗೆ ಕಾಯದೆ, ಈಗ ಬೀರುವಿನ ಕೀಲಿಕೈ ಯಾರಲ್ಲಿದೆಯೋ ಆ ಶಿಕ್ಷಕರಿಗೆ ತಿಂಗಳಲ್ಲಿ ಒಂದು ದಿನವನ್ನು ಓದುವುದಕ್ಕೂ, ಬೇರೆಯವರ ಗ್ರಂಥಾಲಯವನ್ನು ನೋಡಿ ಬರುವುದಕ್ಕೂ ಬಿಡುವು ಮಾಡಿಕೊಡುವಂತೆ ಶಿಕ್ಷಣ ಇಲಾಖೆ ಈ ವರ್ಷವೇ ಆದೇಶ ಹೊರಡಿಸಬೇಕು.